ಬ್ರದರ್ ಹೌದು, ತಮ್ಮ ಅಲ್ಲ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಹೇಳಿಕೊಳ್ಳುವ ಹಾಗೆ ಹೇಳಲು ಬರುವುದಿಲ್ಲ. ಎಂಟು ವರ್ಷದಿಂದ ನಾನು ಬರೆದದ್ದೆಂದರೆ ವಾರ್ಡಿನ ರಿಪೋರ್ಟ್ ಪುಸ್ತಕ ಒಂದೇ. ಅದರಲ್ಲಿ "ಊಟ ಮಾಡಿದರು, ಮಲಗಿದರು, ದೂರು ಇಲ್ಲ" ಎಂದು ಬರೆದರೆ ಕೆಲಸ ಮುಗಿಯಿತು. ಆದ್ದರಿಂದ ಇಲ್ಲಿ ನಗು ಬರಬೇಕಾದ ಕಡೆ ನಿಮಗೆ ಬಾರದಿದ್ದರೆ ತಪ್ಪು ನನ್ನದು. ಬಾರದಿರಬೇಕಾದ ಕಡೆ ಬಂದರೆ ಅದೂ ನನ್ನದೇ. ಆದರೆ ಹೊರದೇಶಕ್ಕೆ ಕಾಗದಪತ್ರ ಕಳಿಸಿ ಕೂತ ನರ್ಸಿಗೆ ಇಂಥವು ಆಗುತ್ತಲೇ ಇರುತ್ತವೆ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು.

ಮೊದಲು ನಾನು ಯಾರೆಂದು ಹೇಳಬೇಕು. ನಾನು ಕಲಬುರ್ಗಿ ಕಡೆಯವನು, ಹೈದರಾಬಾದಿನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್. ಗಂಡಸರೂ ನರ್ಸ್ ಆಗುತ್ತಾರೆ. ಇದನ್ನು ನಮ್ಮೂರಿನವರಿಗೆ ಇನ್ನೂ ಹೇಳುತ್ತಿದ್ದೇನೆ, ಹಾಗಾಗಿ ನಿಮಗೂ ಹೇಳಿದೆ. ನನ್ನ ಹೆಂಡತಿಯೂ ನರ್ಸ್. ಮದುವೆಯಾದ ವರ್ಷಕ್ಕೇ ಅವಳು ಹೊರದೇಶದಲ್ಲಿ ಕೆಲಸ ಸಿಕ್ಕಿ ಹೋದಳು. ಯಾವ ದೇಶ ಎಂದು ಹೇಳುವುದಿಲ್ಲ, ನನ್ನ ಕಾಗದಗಳು ಇನ್ನೂ ಅವರ ಕೈಯಲ್ಲಿವೆ. ಅಲ್ಲಿ ಮೈಯ ನರ್ಸ್ ಬೇರೆ, ಮನಸ್ಸಿನ ನರ್ಸ್ ಬೇರೆ, ಎರಡಕ್ಕೂ ಬೇರೆ ಬೇರೆ ಪಟ್ಟಿ. ಅವಳದು ಮೈಯ ಪಟ್ಟಿ, ಆರು ತಿಂಗಳಲ್ಲಿ ಆಯಿತು. ನನ್ನದು ಮನಸ್ಸಿನ ಪಟ್ಟಿ. ಆ ಪಟ್ಟಿಯಲ್ಲಿ ನನ್ನ ಹೆಸರು ಬರುವವರೆಗೂ ನಾವಿಬ್ಬರೂ ಗಂಡಹೆಂಡತಿ ಆಗಿರುವುದು ಭಾನುವಾರ ಮಧ್ಯಾಹ್ನ ಎಸ್‌ಟಿಡಿ ಬೂತಿನಲ್ಲಿ ಮಾತ್ರ, ಹೊರಗೆ ಕಾಯುವವರು ಗಾಜು ಬಡಿಯುವವರೆಗೆ.

ಎಂಟು ವರ್ಷದಿಂದ ಒಳಗೆ

ಮೊದಲು ಪಾಸ್‌ಪೋರ್ಟ್. ಅದಕ್ಕೆ ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ. ನನ್ನ ಬಾಡಿಗೆ ಮನೆ ಜೀಡಿಮೆಟ್ಲಾದಲ್ಲಿ. ಮನೆಯ ಮಾಲಕಿ ಬೀದರಿನವರು, ನನ್ನ ಮೇಲೆ ಪ್ರೀತಿ ಜಾಸ್ತಿ. ಪೊಲೀಸರು ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಏನು ಕೇಳಿದರು, ತಾವೇನು ಹೇಳಿದಿರಿ ಎಂದು ನಾನು ಸಂಜೆ ಕೇಳಿದಾಗ ಅವರು ಒಂದಕ್ಷರ ಬಿಡದೆ ಒಪ್ಪಿಸಿದರು.

ಹುಡುಗ ಎಲ್ಲಿ ಎಂದು ಕೇಳಿದರಂತೆ. ಮೆಂಟಲ್ ಆಸ್ಪತ್ರೆಯಲ್ಲಿ ಎಂದರಂತೆ. ಎಷ್ಟು ದಿನದಿಂದ ಎಂದರೆ ಎಂಟು ವರ್ಷ ಆಯಿತು ಎಂದರಂತೆ. ಮನೆಗೆ ಬಿಡುತ್ತಾರಾ ಎಂದು ಕೇಳಿದ್ದಕ್ಕೆ, "ದಿನಾ ಸಂಜಿಗೆ ಬಿಡ್ತಾರ್ರಿ. ಮುಂಜಾನೆ ಎಂಟಕ್ಕ ಮತ್ತ ತಾನಾಗೇ ಹೋಗ್ತಾನ. ಯಾರೂ ಹಿಡಕೊಂಡು ಹೋಗೂದು ಬ್ಯಾಡ" ಎಂದರಂತೆ. ಗಲಾಟೆ ಗಿಲಾಟೆ ಏನಾದರೂ?

"ಏನೂ ಇಲ್ಲಂತ ಹೇಳೀನಪ್ಪಾ. ಹೆಂಡ್ತಿ ದೇಶಾ ಬಿಟ್ಟು ಹೋಗ್ಯಾಳ, ಆದ್ರೂ ಭಾಳ ಶಾಂತ ಅದಾನ ಅಂದೆ. ಚಲೋ ಹೇಳಿದೆ ಇಲ್ಲೋ?"

ಮರುದಿನ ಸ್ಟೇಷನ್ನಿಗೆ ಓಡಿದೆ. ಅಲ್ಲಿದ್ದ ಪೇದೆ ನನ್ನನ್ನು ಕಂಡಕೂಡಲೇ ಕುರ್ಚಿ ಕೊಟ್ಟು, ನೀರು ಕೊಟ್ಟು, ತನ್ನ ಮೇಜಿನ ಮೇಲಿದ್ದ ಕತ್ತರಿ ತೆಗೆದು ಡ್ರಾಯರಿಗೆ ಹಾಕಿಕೊಂಡರು. ನಾನು ರೋಗಿಯಲ್ಲ, ಅಲ್ಲಿ ಕೆಲಸ ಮಾಡುವವನು ಎಂದೆ. ಅವರು ತಲೆಯಾಡಿಸಿದರು. ನಮ್ಮ ವಾರ್ಡಿನಲ್ಲಿ ನಾನು ರೋಗಿಗಳ ಮಾತಿಗೆ ತಲೆಯಾಡಿಸುವುದೂ ಹಾಗೆಯೇ, ನನಗೆ ಆ ಗುರುತು ಸಿಗುತ್ತದೆ. ಕೊನೆಗೆ ಅಂಗಿಯೊಳಗಿದ್ದ ಗುರುತಿನ ಕಾರ್ಡನ್ನು ಕೊರಳ ದಾರದ ಸಮೇತ ಹೊರಗೆಳೆದು ತೋರಿಸಿದೆ. ಇಲ್ಲಿ ಒಂದು ಮಾತು ವಿವರಿಸಬೇಕು. ಈಗ ಹೈದರಾಬಾದಿನಲ್ಲಿ ಕೊರಳಿಗೆ ಕಾರ್ಡ್ ಹಾಕಿಕೊಂಡವರೆಂದರೆ ಒಂದೇ ಜಾತಿಯವರು. ಅದನ್ನು ಕಂಡಕೂಡಲೇ ಪೇದೆಯ ಮುಖದಲ್ಲಿದ್ದ ಅನುಮಾನವೆಲ್ಲ ಹೋಯಿತು. ಕಾಗದಕ್ಕೆ ಸಹಿ ಹಾಕುತ್ತ ಪಕ್ಕದವರಿಗೆ ಹೇಳಿದರು:

"ಸಾಫ್ಟ್‌ವೇರ್ ಅಂತೆ. ಅದಕ್ಕೇ ಆಸ್ಪತ್ರೆಗೆ ಸೇರಿಸಿದ್ದಾರೆ."

ಮಾತಿನ ಪರೀಕ್ಷೆ

ಆಮೇಲೆ ಇಂಗ್ಲಿಷ್ ಪರೀಕ್ಷೆ. ನಮ್ಮ ವಾರ್ಡಿನಲ್ಲಿ ಬಹಳ ಕಾಲದಿಂದ ಇರುವ ಒಬ್ಬ ಮಾಸ್ತರರಿದ್ದಾರೆ, ಸೇಡಂ ಕಡೆಯವರು, ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು. ಈಗ ರೋಗಿ, ಆದರೆ ಕೆಲಸ ಬಿಟ್ಟಿಲ್ಲ. ಔಷಧದ ಚೀಟಿಯಲ್ಲಿ ಸ್ಪೆಲಿಂಗ್ ತಪ್ಪಿದ್ದರೆ ತಿದ್ದಿಸುವವರೆಗೂ ಮಾತ್ರೆ ನುಂಗುವುದಿಲ್ಲ. ಅವರು ನನ್ನನ್ನು ತಯಾರು ಮಾಡುತ್ತೇನೆಂದು ಪಟ್ಟು ಹಿಡಿದರು. ಮೂರು ತಿಂಗಳು ಅವರು ಮಂಚದ ಮೇಲೆ, ನಾನು ಸ್ಟೂಲಿನ ಮೇಲೆ. ರೌಂಡ್ಸಿಗೆ ಬಂದ ಹೊಸ ಡಾಕ್ಟರು ಒಬ್ಬರು ನಮ್ಮನ್ನು ಕಂಡು, ಇವರಿಬ್ಬರಲ್ಲಿ ಯಾರ ನಾಡಿ ನೋಡಬೇಕೆಂದು ಬಾಗಿಲಲ್ಲೇ ನಿಂತಿದ್ದುಂಟು.

ಪರೀಕ್ಷೆಯಲ್ಲಿ ಮಾತಿನ ಭಾಗ ಬೇರೆ, ಕೇಳುವ ಭಾಗ ಬೇರೆ. ಕೇಳುವುದೆಂದರೆ ಟೇಪು ಕೇಳಿ ಉತ್ತರ ಬರೆಯುವುದು. ಮಾತೆಂದರೆ ಎದುರಿಗೆ ಒಬ್ಬರು ಕೂತು ಪ್ರಶ್ನೆ ಹಾಕುತ್ತಾರೆ, ನಾವು ಮಾತಾಡಬೇಕು. ನನ್ನೆದುರು ಕೂತದ್ದು ಒಬ್ಬ ವಯಸ್ಸಾದ ಮೇಡಂ. ಬೆಳಗಿನಿಂದ ಎಷ್ಟು ಜನರನ್ನು ಕೇಳಿದ್ದರೋ, ಕಣ್ಣು ಸೋತಿದ್ದವು. ನಿಮ್ಮ ಮನೆಯ ಬಗ್ಗೆ ಹೇಳಿ ಎಂದರು.

ನನ್ನ ಕಸುಬು ಏನೆಂದು ಸ್ವಲ್ಪ ವಿವರಿಸದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಾನಸಿಕ ನರ್ಸಿಗೆ ಕಲಿಸುವ ಮೊದಲ ಪಾಠ: ನೀನು ಮಾತಾಡಬೇಡ, ಎದುರಿನವರಿಗೆ ಮಾತಾಡಲು ಬಿಡು. ಪ್ರಶ್ನೆ ಕೇಳಿದರೆ ಅದೇ ಪ್ರಶ್ನೆಯನ್ನು ಮೆಲ್ಲಗೆ ತಿರುಗಿಸು. ಎಂಟು ವರ್ಷದ ಅಭ್ಯಾಸ. ನಾನು ಸ್ವಲ್ಪ ಮುಂದೆ ಬಾಗಿ, ಮನೆ ಎಂದರೆ ನಿಮಗೆ ಏನು ನೆನಪಾಗುತ್ತದೆ ಮೇಡಂ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಆ ಮೌನವನ್ನು ತುಂಬಬಾರದೆಂಬುದು ಎರಡನೇ ಪಾಠ.

ಅವರಿಗೆ ಉಪ್ಪಲ್‌ನಲ್ಲಿ ಮನೆಯಿತ್ತಂತೆ. ಅತ್ತಿಗೆ ಬಂದಮೇಲೆ ಅದು ಮನೆಯಂತೆ ಇರಲಿಲ್ಲವಂತೆ. ಎಲ್ಲವನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರು. ಗಂಟೆ ಬಾರಿಸಿದಾಗ ಕರ್ಚೀಫಿನಿಂದ ಕಣ್ಣೊರೆಸಿಕೊಂಡು, ಇಷ್ಟು ಹಗುರಾಗಿ ಎಷ್ಟೋ ವರ್ಷವಾಗಿತ್ತು ಎಂದು ನನ್ನ ಕೈ ಕುಲುಕಿದರು.

ಕೇಳುವುದರಲ್ಲಿ ನನಗೆ ಬಹಳ ಒಳ್ಳೆಯ ಅಂಕ ಬಂತು. ಮಾತಿನಲ್ಲಿ ಫೇಲ್. ಆ ಮೇಡಂ ಅಂಕ ಕೊಡಬೇಕೆಂದರೂ ನಾನು ಒಟ್ಟು ಆಡಿದ್ದು ಎರಡು ವಾಕ್ಯ.

ಆ ಭಾನುವಾರ ಬೂತಿನಿಂದ ಹೆಂಡತಿಗೆ ಹೇಳಿದಾಗ ಅವಳು ಏನೂ ಮಾತಾಡಲಿಲ್ಲ. ಅವಳ ಮೌನಕ್ಕೆ ಮಾತ್ರ ನನ್ನ ಎರಡನೇ ಪಾಠ ಉಪಯೋಗಕ್ಕೆ ಬರುವುದಿಲ್ಲ. ಮತ್ತೆ ಕಟ್ಟುತ್ತೇನೆ ಎಂದೆ. ಮಾಸ್ತರರು ಮತ್ತೆ ಒಂದು ತಿಂಗಳು ಕೂರಿಸಿದರು. ಪರೀಕ್ಷೆಯ ದಿನ ಬೆಳಿಗ್ಗೆ ವಾರ್ಡಿನ ಬಾಗಿಲವರೆಗೂ ಬಂದು, ಬೀಗ ಹಾಕುವ ಕಬ್ಬಿಣದ ಜಾಲರಿಯ ಹಿಂದೆ ನಿಂತು ಕೊನೆಯ ಉಪದೇಶ ಕೊಟ್ಟರು:

"ನೆನಪಿಟ್ಕೊ. ಆಕಿ ಅತ್ತರೂ ನೀ ಮಾತು ನಿಲ್ಲಸಬ್ಯಾಡ."

ನಿಲ್ಲಿಸಲಿಲ್ಲ. ಪಾಸಾದೆ.

ಯಾವ ಭಾಷೆಯಲ್ಲಿ

ಇದು ಸಣ್ಣದು, ಬೇಕಾದರೆ ಬಿಟ್ಟು ಮುಂದೆ ಹೋಗಬಹುದು. ನಾನು ಕಲಿತ ನರ್ಸಿಂಗ್ ಶಾಲೆಯಿಂದ ಒಂದು ಫಾರಂ ತುಂಬಿಸಬೇಕಿತ್ತು. ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡು, ಯಾವ ಭಾಷೆಯಲ್ಲಿ ಕಲಿಸಿದರು ಎಂದೆಲ್ಲ. ಶಾಲೆಯ ಹಳೆಯ ಗುಮಾಸ್ತರು ಪ್ರಾಮಾಣಿಕ ಮನುಷ್ಯ. ಭಾಷೆಯ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದರು. ಇಂಗ್ಲಿಷ್ ಅಂತ ಬರೀರಿ ಸರ್ ಎಂದೆ. ಸುಳ್ಳು ಬರೆಯುವವನಲ್ಲ ನಾನು ಎಂದರು. ಅವರು ಬರೆದದ್ದನ್ನು ನಾನು ನೋಡಿದಾಗ ಲಕೋಟೆಗೆ ಅರಗು ಬೀಳುವುದೊಂದು ಬಾಕಿ ಇತ್ತು:

"ಪಾಠ ಇಂಗ್ಲಿಷಿನಲ್ಲಿ. ವಿವರಣೆ ಕನ್ನಡದಲ್ಲಿ. ಬೈಗುಳ ಉರ್ದುವಿನಲ್ಲಿ."

ಆ ಕಾಗದ ಹಾಗೆಯೇ ಹೋಯಿತು. ಅಲ್ಲಿಂದ ಅದರ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಎಲ್ಲ ದೇಶದ ನರ್ಸಿಂಗ್ ಶಾಲೆಗಳೂ ಹೀಗೇ ಇರಬಹುದು.

ಅಕ್ಕ ತಮ್ಮ

ಕೊನೆಯದು ಶಿಫಾರಸು ಪತ್ರ. ಇದಕ್ಕೆ ಸ್ವಲ್ಪ ಜಾಸ್ತಿ ವಿವರಣೆ ಬೇಕು, ಬೇಸರಿಸಬೇಡಿ. ನಮ್ಮ ಆಸ್ಪತ್ರೆಗಳಲ್ಲಿ ಹೆಣ್ಣು ನರ್ಸಿಗೆ ಸಿಸ್ಟರ್ ಎನ್ನುತ್ತಾರೆ, ಗಂಡು ನರ್ಸಿಗೆ ಬ್ರದರ್ ಎನ್ನುತ್ತಾರೆ. ಇದು ನಿಮಗೂ ಗೊತ್ತು, ಎಲ್ಲರಿಗೂ ಗೊತ್ತು. ಆ ದೇಶದಲ್ಲಿ ಸಿಸ್ಟರ್ ಎನ್ನುವುದು ಗೊತ್ತು. ಬ್ರದರ್ ಎನ್ನುವುದು ಗೊತ್ತಿಲ್ಲ. ಗೊತ್ತಿಲ್ಲ ಎಂಬುದು ನಮಗೆ ಗೊತ್ತಿರಲಿಲ್ಲ.

ಪತ್ರ ಬರೆದವರು ನಮ್ಮ ವಾರ್ಡಿನ ಹಿರಿಯ ಸಿಸ್ಟರ್, ರಾಯಚೂರಿನವರು. ನಾನು ಸೇರಿದ ದಿನದಿಂದ ನನ್ನನ್ನು ಕರೆಯುವುದೇ ತಮ್ಮಾ ಎಂದು. ಪ್ರೀತಿಯಿಂದ ಎರಡು ಪುಟ ಬರೆದರು. ಇವನು ಎಂಟು ವರ್ಷದಿಂದ ನನ್ನ ಬ್ರದರ್, ಎಲ್ಲ ಬ್ರದರುಗಳಲ್ಲಿ ಇವನೇ ವಿಧೇಯ, ಯಾವ ಸಿಸ್ಟರಿನ ಜೊತೆಗೂ ಜಗಳವಾಡಿಲ್ಲ, ಇಂಥ ಬ್ರದರನ್ನು ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ ಎಂದು ಬರೆದು, ಕೆಳಗೆ ಸಿಸ್ಟರ್ ಎಂದು ಸಹಿ.

ಆರು ವಾರಕ್ಕೆ ಉತ್ತರ ಬಂತು. ಒಡಹುಟ್ಟಿದವರು ಕೊಟ್ಟ ಶಿಫಾರಸು ನಡೆಯುವುದಿಲ್ಲ. ಸಂಬಂಧವಿಲ್ಲದಿದ್ದರೆ ಹಾಗೆಂದು ವಕೀಲರ ಮುಂದೆ ಪ್ರಮಾಣಪತ್ರ ಮಾಡಿಸಿ ತಿಂಗಳೊಳಗೆ ಕಳಿಸಬೇಕು, ಇಲ್ಲದಿದ್ದರೆ ಅರ್ಜಿ ಮುಚ್ಚಿ ಮೊದಲಿನಿಂದ ಶುರು. ಮೊದಲಿನಿಂದ ಎಂದರೆ ಮತ್ತೆ ಒಂದು ವರ್ಷ. ಅದನ್ನು ಬೂತಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ.

ಬಾಲಾನಗರದಲ್ಲಿ ಒಬ್ಬ ನೋಟರಿ ವಕೀಲರ ಹತ್ತಿರ ಹೋದೆವು, ಸಿಸ್ಟರೂ ನಾನೂ. ನೋಟರಿ ತೆಲುಗಿನವರು, ವಯಸ್ಸಾದವರು. ಸಿಸ್ಟರ್ ತಾವೇ ಬರೆದು ತಂದಿದ್ದ ಕಾಗದ ಕೊಟ್ಟರು: ಸಿಸ್ಟರ್ ಇಂಥವಳಾದ ನನಗೂ ಬ್ರದರ್ ಇಂಥವನಿಗೂ ಯಾವ ರಕ್ತಸಂಬಂಧವೂ ಇಲ್ಲ, ಮುಂದೆಯೂ ಇರುವುದಿಲ್ಲ. ನೋಟರಿ ಓದಿ ಕನ್ನಡಕ ತೆಗೆದರು. "ಏಮಮ್ಮಾ, ಆಸ್ತಿ ಗೊಡವಾ?" ಎಂದರು. ಆಸ್ತಿ ಜಗಳವೇ ಎಂದು ಅದರ ಅರ್ಥ.

ಆಸ್ತಿ ಗೀಸ್ತಿ ಏನಿಲ್ಲ ಎಂದು ಸಿಸ್ಟರ್ ಹೇಳುತ್ತ ಚೀಲ ತಡಕಾಡಿ, ನನ್ನ ಕಡೆ ತಿರುಗಿ, "ತಮ್ಮಾ, ಪೆನ್ನು ಕೊಡೋ" ಎಂದರು. ನಾನು ಜೇಬಿನಿಂದ ತೆಗೆದು, "ತಗೋರಿ ಅಕ್ಕಾ" ಎಂದೆ. ತೆಲುಗಿನಲ್ಲೂ ಅಕ್ಕ ಅಂದರೆ ಅಕ್ಕನೇ, ತಮ್ಮನಿಗೆ ತಮ್ಮುಡು. ಇದು ನನಗೆ ಹೊಳೆದದ್ದು ಪೆನ್ನು ಚಾಚಿದ ಮೇಲೆ. ಚಾಚಿದ ಕೈಯಲ್ಲಿ ಸಿಸ್ಟರೇ ಹಿಂದಿನ ವಾರ ಕಟ್ಟಿದ ರಾಖಿ ಇತ್ತು.

ನೋಟರಿ ರಾಖಿಯನ್ನು ನೋಡಿದರು, ಕಾಗದವನ್ನು ನೋಡಿದರು, ಎದ್ದು ನಿಂತರು. ಮೂವತ್ತು ವರ್ಷದ ವೃತ್ತಿಯಲ್ಲಿ ಇಂಥದ್ದು ನೋಡಿಲ್ಲ, ದಾರದ ಬಣ್ಣ ಕೂಡ ಹೋಗಿಲ್ಲ, ಆಗಲೇ ಕಡಿದುಕೊಳ್ಳಲು ಬಂದಿದ್ದೀರಿ ಎಂದರು. ಸುತ್ತ ನಾಲ್ಕು ಜನ ಸೇರಿದರು. ಯಾರೋ ಚಹಾ ತರಿಸಿದರು. ಒಬ್ಬರು ನನಗೆ ಅಕ್ಕನ ಕಾಲು ಹಿಡಿ ಎಂದರು, ನಾನು ಗಾಬರಿಯಲ್ಲಿ ಹಿಡಿದೂಬಿಟ್ಟೆ. ಸಿಸ್ಟರಿಗೆ ಕಣ್ಣಲ್ಲಿ ನೀರು. ನಗುವಿನದೋ ಅಳುವಿನದೋ ಎಂದು ಎಂಟು ವರ್ಷದ ಅನುಭವದಿಂದಲೂ ಹೇಳಲಾರೆ. ಕೊನೆಗೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಸಹಿ ಮಾಡ್ರಿ ಸಾಹೇಬ್ರ. ಇವ ನನ್ನ ತಮ್ಮ ಅಲ್ಲ ಅಂದ್ರನ ಇವನ ಹೆಂಡ್ತಿ ಇವಗ ಸಿಗ್ತಾಳ" ಎಂದರು.

ನೋಟರಿಗೆ ಏನು ಅರ್ಥವಾಯಿತೋ, ಸಹಿ ಹಾಕಿದರು. ನಮ್ಮಿಬ್ಬರಿಗೂ ಸಂಬಂಧವಿಲ್ಲವೆಂದು ಮೊಹರು ಒತ್ತಿ, ಹೋಗುವಾಗ ಅಕ್ಕನನ್ನು ಆಟೋ ಹತ್ತಿಸಿ ಹೋಗು ಎಂದು ನನಗೆ ಹೇಳಿದರು.

ನಿನ್ನೆ ಪತ್ರ ಬಂತು. ಮನಸ್ಸಿನ ಪಟ್ಟಿಯಲ್ಲಿ ನನ್ನ ಹೆಸರು ಸೇರಿದೆ. ಆದರೆ ಹೇಗೆ ಸೇರಿದೆ ಎಂದರೆ, ಪತ್ರದಲ್ಲೂ ಪ್ರಮಾಣಪತ್ರದಲ್ಲೂ ಎಲ್ಲ ಕಡೆ ಬ್ರದರ್ ಇಂಥವನು ಎಂದೇ ಇದ್ದದ್ದರಿಂದ, ರಕ್ತಸಂಬಂಧ ಇಲ್ಲವೆಂದು ಖಾತ್ರಿಯಾದ ಮೇಲೆ ಅದು ನನ್ನ ಹೆಸರೇ ಇರಬೇಕೆಂದು ಅವರು ತೀರ್ಮಾನಿಸಿದ್ದಾರೆ. ಮೊದಲ ಹೆಸರು: ಬ್ರದರ್. ಆಮೇಲೆ ನನ್ನದು, ಆಮೇಲೆ ಅಪ್ಪನದು.

ಭಾನುವಾರ ಅಲ್ಲದಿದ್ದರೂ ಬೂತಿಗೆ ಓಡಿ ಹೆಂಡತಿಗೆ ಓದಿ ಹೇಳಿದೆ. ಮೊದಲು ಅತ್ತಳು. ಆಮೇಲೆ ಇನ್ನೊಮ್ಮೆ ಹೆಸರು ಓದ್ರಿ ಎಂದಳು. ಓದಿದೆ. ಅವಳು ಮದುವೆಯಾದಾಗಿನಿಂದ ನನ್ನ ಹೆಸರು ಬಾಯಲ್ಲಿ ತಂದವಳಲ್ಲ, ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ಅಲ್ಲಿ ಯಾರಾದರೂ ಕೇಳಿದರೆ ಚೀಟಿಯಲ್ಲಿ ಬರೆದು ಕೊಡುತ್ತಾಳೆ.

"ಅಲ್ರೀ, ಇಲ್ಲೆ ಎಲ್ಲಾರೂ ಗಂಡನ್ನ ಮೊದಲನೇ ಹೆಸರು ಹಿಡದು ಕರೀತಾರ. ಇಷ್ಟ ದಿನ ಹೆಸರು ಹೇಳಿಲ್ಲ, ಪದ್ಧತಿ ಅಂತ ಬಿಟ್ಟೆ. ಈಗ ಹೇಳಿದೆ ಅಂದ್ರ ಅಣ್ಣಾ ಅಂದಂಗ ಆಗ್ತೈತಲ್ರೀ."

ತಿದ್ದಿಸಬೇಕೆಂದರೆ ಬ್ರದರ್ ಎಂಬುದು ನನ್ನ ಹೆಸರಲ್ಲವೆಂದು ಇನ್ನೊಂದು ಪ್ರಮಾಣಪತ್ರ ಬೇಕು, ಅದಕ್ಕೆ ಮತ್ತೆ ಅದೇ ನೋಟರಿಯ ಮುಂದೆ ನಿಲ್ಲಬೇಕು. ಇದೆಲ್ಲ ಹೇಳುತ್ತಿದ್ದರೆ ಅವಳು ತಡೆದು, "ಮೊದಲ ಬರ್ರಿ ನೀವು. ಹೆಸರು ಆಮ್ಯಾಲ ನೋಡೂಣು" ಎಂದಳು. ಹೊರಗಿನವರು ಗಾಜು ಬಡಿದರು. ಹಾಗಾಗಿ ನಾನು ಹೆಸರನ್ನು ಇದ್ದ ಹಾಗೆಯೇ ಇಟ್ಟುಕೊಂಡು ಹೋಗುವುದೆಂದು ನಿಶ್ಚಯಿಸಿದ್ದೇನೆ. ಅದಕ್ಕೆ ಮೂರು ಕಾರಣಗಳಿವೆ, ಮೊದಲನೆಯದು ಏನೆಂದರೆ, ಅಲ್ಲಿನ ಕಾನೂನಿನ ಪ್ರಕಾರ ಒಬ್ಬ ಮನುಷ್ಯನ...

ತಡೆಯಿರಿ, ಒಳಗಿನಿಂದ ಮಾಸ್ತರರು "ಬ್ರದರ್" ಎಂದು ಕೂಗುತ್ತಿದ್ದಾರೆ. ಹೆಸರು ಹಿಡಿದು ಕರೆದಮೇಲೆ ಹೋಗಲೇಬೇಕು.