ಕೈಯೂರದೆ ಏಳುವ ವಿದ್ಯೆ

ಗಂಡ ತೀರಿಕೊಂಡ ಹೆಂಗಸಿಗೆ ಬುದ್ಧಿ ಹೇಳಲು ಯಾವ ಅರ್ಹತೆಯೂ ಬೇಡ ಎಂದು ನನಗೆ ಈ ವರ್ಷ ತಿಳಿಯಿತು. ಸೊಪ್ಪು ಮಾರುವವಳು ಹೇಳಿದಳು, ಬ್ಯಾಂಕಿನವರು ಹೇಳಿದರು, ರಾಂಗ್ ನಂಬರಿನಿಂದ ಫೋನು ಮಾಡಿದವರೊಬ್ಬರೂ ಹೇಳಿದರು: "ಮನಸ್ಸು ಗಟ್ಟಿ ಮಾಡಿಕೊಳ್ಳಿ." ನಾನು ಮನಸ್ಸು ಗಟ್ಟಿ ಮಾಡುವಷ್ಟರಲ್ಲಿ ಕಾಲು ಮೆತ್ತಗಾಯಿತು. ವಾಮದಪದವಿನಲ್ಲಿ ನಮ್ಮವರದು ಟೈಲರ್ ಅಂಗಡಿ, ಅದರ ಹಿಂದೆಯೇ ಮನೆ. ಅವರು ಹೋದ ಮೇಲೆ ಅಂಗಡಿಯ ಕುರ್ಚಿಯಲ್ಲಿ ಕುಳಿತು ಅವರ ಹೊಲಿಗೆ ಮೆಷಿನನ್ನು ನೋಡುವುದೇ ನನ್ನ ಕೆಲಸವಾಯಿತು. ಒಂದು ಸಂಜೆ ಏಳಲು ಹೋದರೆ ಏಳಲಾಗಲಿಲ್ಲ. ಕೂಗಿದೆ. ಪಕ್ಕದ ದಿನಸಿ ಅಂಗಡಿಯವರು ಬಂದು ಅಕ್ಕಿ ಗೋಣಿ ಎತ್ತುವ ಹಾಗೆ ನನ್ನನ್ನು ಎತ್ತಿ ನಿಲ್ಲಿಸಿದರು. ಕೂಡಲೇ ಲಾಯಿಲದಲ್ಲಿರುವ ನನ್ನ ಮಗಳು ಪ್ರತಿಮಾಗೆ ಫೋನೂ ಮಾಡಿದರು. ಎತ್ತಿದ್ದಕ್ಕೆ ಅವರಿಗೆ ಪುಣ್ಯ ಬರಲಿ. ಫೋನಿನ ವಿಷಯ ಬೇರೆ.

ವಯಸ್ಸಾದವರನ್ನು ಕೆಲವು ವಾರ ಇರಿಸಿಕೊಂಡು, ಚಟುವಟಿಕೆ ಮಾಡಿಸಿ, ಗಟ್ಟಿಮಾಡಿ ಕಳಿಸುವ ಮನೆಯೊಂದು ಮೂಡುಬಿದಿರೆಯಲ್ಲಿದೆ ಎಂದು ಪ್ರತಿಮಾ ಪತ್ತೆ ಮಾಡಿದಳು. ಕರಾರು ಅವಳದೇ. ಅಲ್ಲಿಂದ ಹೊರಡುವ ದಿನ ಕೈಯೂರದೆ ಕುರ್ಚಿಯಿಂದ ಎದ್ದರೆ ನನ್ನ ಮನೆಗೆ; ಇಲ್ಲದಿದ್ದರೆ ಇನ್ನು ಮುಂದೆ ಅವಳ ಮನೆಗೆ.

ಚಟುವಟಿಕೆ ಎಂದರೆ ಬಲೂನು. ಬಯಲುಸೀಮೆಯಿಂದ ಓದಲು ಬಂದು ಇಲ್ಲೇ ಕೆಲಸ ಹಿಡಿದ ಸಿಂಚನಾ ಮೇಡಂ ನಮ್ಮನ್ನು ಸುತ್ತ ಕೂರಿಸಿ ಬಲೂನು ಎಸೆಯುತ್ತಿದ್ದರು. ಹಿಡಿದರೆ "ಸೂಪರ್ ಅಜ್ಜಿ!", ಬಿಟ್ಟರೂ "ಸೂಪರ್ ಅಜ್ಜಿ!" ಹಿಡಿದವಳಿಗೂ ಬಿಟ್ಟವಳಿಗೂ ಒಂದೇ ಹೊಗಳಿಕೆಯಾದರೆ ಹಿಡಿಯುವುದು ಯಾಕೆ ಎಂದು ನಾನು ಕೈ ಮಡಚಿ ಕುಳಿತೆ. ಆಮೇಲೆ ಚಪ್ಪಾಳೆ, ಆಮೇಲೆ ಬಾಲವಾಡಿಯ ಹಾಡು, ಆಮೇಲೆ ಕಾರಣವಿಲ್ಲದೆ ನಗುವ ಕಾರ್ಯಕ್ರಮ. ಗಂಡ ಸತ್ತು ವರ್ಷವಾಗದವಳಿಗೆ "ಹೊಟ್ಟೆಯಿಂದ ನಗಿ" ಎನ್ನಲು ಒಂದು ಧೈರ್ಯ ಬೇಕು. ಆ ಮನೆಯಲ್ಲಿ ಅದಕ್ಕೆ ಕೊರತೆಯಿರಲಿಲ್ಲ.

ಬಂಟ್ವಾಳದಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದ ಹಮೀದಾಕ ನನ್ನ ಪಕ್ಕದ ಕುರ್ಚಿಯವರು. ಅವರು ಒಮ್ಮೆ ಕೇಳಿಯೇಬಿಟ್ಟರು: "ಮೇಡಂ, ಇದನ್ನು ಹಿಡಿದ್ರೆ ಏನು ಸಿಗ್ತದೆ?"

"ಶಕ್ತಿ ಬರುತ್ತೆ ಅಜ್ಜ."

"ಅದರೊಳಗೆ ಇರುವುದು ನಿಮ್ಮ ಉಸಿರು ಮಾತ್ರ ಅಲ್ವಾ? ಶಕ್ತಿ ಬೇಕಾದ್ರೆ ಗಂಜಿ ಒಂದು ಸೌಟು ಜಾಸ್ತಿ ಹಾಕ್ಲಿಕ್ಕೆ ಹೇಳಿ ಮಾರಾಯ್ರೆ."

ಕೊನೆಯಲ್ಲಿ ಏಳುವ ಪಾಠ. ಮೇಡಂ "ಒಂದು, ಎರಡು, ಏಳಿ!" ಎನ್ನುತ್ತಿದ್ದರು. ಯಾರೂ ಏಳುತ್ತಿರಲಿಲ್ಲ. ಎದ್ದು ಹೋಗುವುದಾದರೂ ಎಲ್ಲಿಗೆ?

ಹೀಗಿರುವಾಗ ನಮ್ಮ ಹಾಗೆಯೇ ಕೆಲವು ವಾರ ಇರಲು ಹೆಡ್‌ಮಾಸ್ಟ್ರು ಬಂದರು. ನಮ್ಮ ಶಾಲೆಯಲ್ಲಿ ನನಗೆ ಮಗ್ಗಿ ಕಲಿಸಿದವರು. ಅಲ್ಲಿದ್ದ ಇನ್ನೂ ಕೆಲವರಿಗೆ ಬೇರೆ ಬೇರೆ ಊರಿನಲ್ಲಿ ಕಲಿಸಿದವರು. ಕೋಲೂರಿಕೊಂಡು ಅವರು ಬಾಗಿಲಲ್ಲಿ ಕಾಣಿಸಿದ್ದೇ ತಡ, ನಾವೆಲ್ಲ ದಡಬಡನೆ ಎದ್ದು ನಿಂತೆವು. ಕುರ್ಚಿಯ ಕೈ ಹಿಡಿದೋ, ಪಕ್ಕದವರ ಭುಜ ಹಿಡಿದೋ, ಅಂತೂ ನಿಂತೆವು. ಮಾಸ್ಟ್ರು "ಕೂತ್ಕೊಳ್ಳಿ" ಎಂದ ಮೇಲೆಯೇ ಕುಳಿತೆವು. ಹಮೀದಾಕನೂ ಎದ್ದಿದ್ದರು.

"ನಿಮಗೂ ಕಲಿಸಿದ್ದಾ?" ಎಂದು ಕೇಳಿದೆ.

"ಇಲ್ಲಕ್ಕ. ಎಲ್ಲರೂ ಏಳುವಾಗ ನಾನೊಬ್ಬ ಕೂತ್ರೆ ಹೊರಗೆ ನಿಲ್ಲಿಸ್ತಾರೋ ಅಂತ ಹೆದರಿಕೆ."

ಮಾಸ್ಟ್ರಿಗೂ ಇದು ರುಚಿಸಿರಬೇಕು. ಆಮೇಲೆ ಅವರು ಕನ್ನಡಕ ಮರೆತೆನೆಂದು ಹೋಗಿ ಬಂದರು, ನೀರು ಕುಡಿಯಲು ಹೋಗಿ ಬಂದರು, ಪೇಪರು ತರಲು ಹೋಗಿ ಬರಿಗೈಯಲ್ಲಿ ಬಂದರು. ಅವರು ಬಂದಾಗಲೆಲ್ಲ ನಾವು ಎದ್ದೆವು. ಅವರ ಕಾಲಿಗೂ ನಮ್ಮ ಕಾಲಿಗೂ ರಕ್ತ ಹರಿಯಿತು. ಸಿಂಚನಾ ಮೇಡಂ ಮೇಲಿನವರನ್ನು ಕರೆದು ತೋರಿಸಿ, "ನೋಡಿ ಸರ್, ಬಲೂನ್ ಥೆರಪಿ ಎಷ್ಟು ಕೆಲಸ ಮಾಡಿದೆ" ಎಂದರು. ಮೇಲಿನವರು ಇನ್ನಷ್ಟು ಬಲೂನು ತರಿಸಿದರು.

ನನ್ನ ಪರೀಕ್ಷೆಯ ಹಿಂದಿನ ದಿನ ಮಾಸ್ಟ್ರನ್ನು ಅವರ ಮನೆಯವರು ಕರೆದುಕೊಂಡು ಹೋದರು. ಮರುದಿನ ಪ್ರತಿಮಾಳ ಎದುರು ಮೇಡಂ ನನ್ನ ಕೈಗಳನ್ನು ಎದೆಯ ಮೇಲೆ ಕಟ್ಟಿಸಿ "ಏಳಿ ಅಜ್ಜಿ" ಎಂದರು. ಪ್ರಯತ್ನಪಟ್ಟೆ, ಸುಳ್ಳಲ್ಲ. ಬಾಗಿಲು ಖಾಲಿ ಇತ್ತು. ಸೊಂಟ ಸ್ವಲ್ಪ ಮೇಲೆದ್ದು ಪುನಃ ಕುಸಿಯಿತು. "ಪರವಾಗಿಲ್ಲ, ಸೂಪರ್!" ಎಂದರು ಮೇಡಂ, ಮುಖ ಸಣ್ಣದು ಮಾಡಿಕೊಂಡು.

ಪ್ರತಿಮಾ ನನ್ನ ಭುಜ ಸವರಿದಳು. "ಸಾಕಮ್ಮ, ಇನ್ನು ಹಟ ಬೇಡ. ನೀನು ಬಿದ್ರೆ ನೋಡುವವರು ಯಾರುಂಟು ಅಲ್ಲಿ? ಅಂಗಡಿಯನ್ನು ಬಾಡಿಗೆಗೆ ಕೊಡುವ. ಅಪ್ಪನ ಮೆಷಿನ್ ಹೇಗೂ ತುಕ್ಕು ಹಿಡಿದಿದೆ, ಗುಜರಿಗೆ ಹಾಕುವ."

"ಗುಜರಿಗಾ? ಯಾರ ಮೆಷಿನನ್ನು ಗುಜರಿಗೆ ಹಾಕುವುದು ನೀನು? ನಿನ್ನ ಯೂನಿಫಾರ್ಮಿನಿಂದ ಮದುವೆಯ ರವಿಕೆವರೆಗೆ ಹೊಲಿದ ಮೆಷಿನ್ ಅದು, ಅದನ್ನು ಮುಟ್ಟಿದ್ರೆ ನೋಡು!"

ಹಮೀದಾಕ ಮೆಲ್ಲಗೆ ಹೇಳಿದರು: "ಅಕ್ಕಾ, ನೀವು ನಿಂತಿದ್ದೀರಿ." ನೋಡಿದರೆ ಹೌದು. ಒಂದು ಕೈ ಮಗಳ ಮೂಗಿನ ಹತ್ತಿರ, ಇನ್ನೊಂದು ಸೊಂಟದ ಮೇಲೆ. ಕುರ್ಚಿಯ ಮೇಲೆ ಯಾವುದೂ ಇಲ್ಲ. ಪ್ರತಿಮಾ ಅಳುತ್ತಾ ನಗುತ್ತಾ ನನ್ನ ಚೀಲ ಎತ್ತಿಕೊಂಡಳು.

ಈಗ ನನ್ನ ಮನೆಯಲ್ಲೇ ಇದ್ದೇನೆ. ತೊಂದರೆ ಏನೆಂದರೆ, ಸಿಟ್ಟು ಬಾರದೆ ಕಾಲು ಏಳುವುದಿಲ್ಲ, ಬೈಯಲು ಮನೆಯಲ್ಲಿ ಬೇರೆ ಜನವಿಲ್ಲ. ಆದ್ದರಿಂದ ಕುರ್ಚಿಯಿಂದ ಏಳಬೇಕಾದಾಗಲೆಲ್ಲ ಗೋಡೆಯ ಫೋಟೋ ನೋಡಿ, "ನನಗೊಂದು ಮಾತೂ ಹೇಳದೆ ಹೋದಿರಲ್ಲ, ಇದು ನ್ಯಾಯವಾ?" ಎಂದು ಶುರುಮಾಡುತ್ತೇನೆ. ಅವರು ಬದುಕಿದ್ದಾಗ ನಾನು ಎದುರು ಮಾತಾಡಿದವಳಲ್ಲ. ಈಗಲೂ ಅವರು ಸುಮ್ಮನೆ ನಗುತ್ತಾರೆ. ಆ ನಗು ನೋಡಿ ಸಿಟ್ಟು ಇನ್ನೂ ಏರುತ್ತದೆ. ಬೈದು ಮುಗಿಸುವಷ್ಟರಲ್ಲಿ ನಾನು ಅಡುಗೆಮನೆ ತಲುಪಿರುತ್ತೇನೆ.