ಮುಟ್ಟಿ ಕಲಿಯುವ ಭವನದ ಬಲ್ಬು

ಬೆಳಿಗ್ಗೆ ಏಳು ಗಂಟೆಗೆ, ಭವನದ ಉಪಕರಣಗಳನ್ನು ನೋಡಿಕೊಳ್ಳುವ ವಗಿರಾನ್ ಹಿಡಿಕೆ ತಿರುಗಿಸಿದಾಗ ಪೆಟ್ಟಿಗೆಯೊಳಗಿನ ಬೆಲ್ಟು ‘ಟಪ್’ ಎಂದು ತುಂಡಾಯಿತು. ಬಲ್ಬು ಉರಿಯಲಿಲ್ಲ.

ಬೇರೆ ದಿನವಾಗಿದ್ದರೆ ಅವನು ‘ವಿಶ್ರಾಂತಿಯಲ್ಲಿದೆ’ ಎಂಬ ಹಲಗೆ ತಗುಲಿಸಿ ಕಾಫಿ ಕುಡಿಯಲು ಹೋಗುತ್ತಿದ್ದ. ಕೆದುಂಗ್‌ವಾರು ಊರಿನ ವಿಜ್ಞಾನ ಭವನದಲ್ಲಿ ಅಂಥ ಹಲಗೆಗಳು ಮೂವತ್ತೇಳು ಇದ್ದವು. ಗೇಟಿನ ಮೇಲೆ ‘ಮುಟ್ಟಿ ನೋಡಿ, ಮಾಡಿ ಕಲಿಯಿರಿ’ ಎಂದು ಬರೆದಿದ್ದರೂ ಒಳಗಿನ ನಲವತ್ತು ಉಪಕರಣಗಳಲ್ಲಿ ಕೆಲಸ ಮಾಡುತ್ತಿದ್ದದ್ದು ಮೂರೇ. ದಪ್ಪಗೆ ತೋರಿಸುವ ಕನ್ನಡಿ, ಸಣ್ಣಗೆ ತೋರಿಸುವ ಕನ್ನಡಿ, ಮತ್ತು ಕೈಯಿಂದ ತಿರುಗಿಸಿ ಬಲ್ಬು ಉರಿಸುವ ಈ ಪೆಟ್ಟಿಗೆ. ಕನ್ನಡಿಗಳಿಗೆ ಕೆಡುವುದು ಹೇಗೆಂದು ಗೊತ್ತಿರಲಿಲ್ಲ, ಅಷ್ಟೆ.

ಹೊಸ ಉಪಕರಣ ತರಲು ಸರ್ಕಾರ ಹಣ ಕೊಡುತ್ತದೆ, ಏಕೆಂದರೆ ಉದ್ಘಾಟನೆಗೆ ಬಂದವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಬಹುದು. ಸವೆದ ಬೆಲ್ಟು ಬದಲಾಯಿಸಿದರೆ ಯಾರ ಹೆಸರು ಕೆತ್ತಿಸುವುದು? ಬೆಲ್ಟಿಗಾಗಿ ವಗಿರಾನ್ ಮೂರು ವರ್ಷದಲ್ಲಿ ಮೂರು ಅರ್ಜಿ ಬರೆದಿದ್ದ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ, ಬೆಲ್ಟು ಇನ್ನೂ ತುಂಡಾಗಿಲ್ಲವಾದ್ದರಿಂದ ತುಂಡಾದ ಮೇಲೆ ಬರೆಯಿರಿ ಎಂದು ಬಂತು. ಮೂರನೆಯದಕ್ಕೆ, ಜನ ಮುಟ್ಟುವುದೇ ಸವೆತಕ್ಕೆ ಕಾರಣವೆಂದು ಕಾಣುವುದರಿಂದ ಮುಟ್ಟದಂತೆ ನೋಡಿಕೊಳ್ಳಿ ಎಂದು ಬಂತು.

ಇವತ್ತು ಹತ್ತು ಗಂಟೆಗೆ ಪ್ರಾಂತ್ಯದ ಕಚೇರಿಯಿಂದ ದೊಡ್ಡ ಅಧಿಕಾರಿ ಪಾಕ್ ಪ್ರಿಯಾಂಬೊದೊ ಬರುವವರಿದ್ದರು. ಮುಂದಿನ ವರ್ಷ ಭವನಕ್ಕೆ ನೆರವು ಕೊಡಬೇಕೋ ಬಾಗಿಲಿಗೆ ಬೀಗ ಹಾಕಬೇಕೋ ಎಂದು ಅವರು ತೀರ್ಮಾನಿಸಬೇಕಿತ್ತು. ನೆರವು ಸಿಕ್ಕರೆ ಹನ್ನೊಂದು ವರ್ಷದಿಂದ ಹಂಗಾಮಿಯಾಗಿಯೇ ಉಳಿದ ವಗಿರಾನನನ್ನು ಕಾಯಂ ಮಾಡಿಸುವುದಾಗಿ ನಿರ್ದೇಶಕಿ ಬು ಹಸ್ತುತಿ ಮಾತು ಕೊಟ್ಟಿದ್ದರು. ಅವನ ಹೆಂಡತಿ ಸುಮಿರಾ ಸರ್ಕಾರಿ ನೌಕರರ ನೀಲಿ ಬಾಟಿಕ್ ಅಂಗಿಯನ್ನು ಮೂರು ವರ್ಷದ ಹಿಂದೆಯೇ ಹೊಲಿಸಿಟ್ಟಿದ್ದಳು. ಅಂಗಿ ಬೀರುವಿನಲ್ಲಿ ಹಾಗೆಯೇ ಇತ್ತು, ವಗಿರಾನನ ಹೊಟ್ಟೆ ಹಾಗೆಯೇ ಇರಲಿಲ್ಲ. ಈ ವರ್ಷವೂ ಆಗದಿದ್ದರೆ ಗುಂಡಿ ಹಾಕಲಾಗುವುದಿಲ್ಲವೆಂದು ಅವಳು ಬೆಳಿಗ್ಗೆಯೇ ಎಚ್ಚರಿಸಿ ಕಳಿಸಿದ್ದಳು.

ಅವನು ನಿರ್ದೇಶಕಿಯ ಕೋಣೆಗೆ ಹೋಗಿ ನಿಂತ. ನಮ್ಮ ಕಡೆ ಗೌರವಕ್ಕೆ ಗಂಡಸರನ್ನು ‘ಪಾಕ್’, ಹೆಂಗಸರನ್ನು ‘ಬು’ ಎನ್ನುವ ಪದ್ಧತಿ ಇದೆ, ಮೇಲಿನವರಿಗೆ ಕೆಟ್ಟ ಸುದ್ದಿಯನ್ನು ಕೆಟ್ಟ ಸುದ್ದಿಯಾಗಿ ಹೇಳುವ ಪದ್ಧತಿ ಇಲ್ಲ.

“ಬು, ಬಲ್ಬಿಗೆ ಯಾಕೋ ಸ್ವಲ್ಪ ಆಯಾಸ ಆದಂಗಿದೆ,” ಎಂದ.

ಬು ಹಸ್ತುತಿ ಭಾಷಣದ ಕಾಗದದಿಂದ ತಲೆ ಎತ್ತದೆ, “ಹಾಗಾದ್ರೆ ಹತ್ತು ಗಂಟೆವರೆಗೆ ಮಲಗಿಸಿರಿ, ಮಾಸ್ ವಗಿರಾನ್. ಅವರು ಬಂದಾಗ ಎದ್ದಿದ್ರೆ ಸಾಕು,” ಎಂದರು. ಆಕೆಗೆ ಅರ್ಥವಾಗಿತ್ತು. ಅರ್ಥವಾದದ್ದನ್ನು ತೋರಿಸಿಕೊಂಡರೆ ಜವಾಬ್ದಾರಿ ತನ್ನ ತಲೆಗೆ ಬರುತ್ತದೆಂಬುದೂ ಗೊತ್ತಿತ್ತು.

ಸುದ್ದಿ ಕ್ಯಾಂಟೀನಿಗೆ ತಲುಪಲು ಐದು ನಿಮಿಷ ಹಿಡಿಯಲಿಲ್ಲ. ಕ್ಯಾಂಟೀನಿನ ಅಡುಗೆಯಾಕೆ ಮ್ಬೊಕ್ ಲಾಸ್ಮಿ ಅತಿಥಿಗಾಗಿ ತುಂಪೆಂಗ್ ಕಟ್ಟುತ್ತಿದ್ದಳು. ಹಳದಿ ಅನ್ನವನ್ನು ಗೋಪುರದ ಹಾಗೆ ಎತ್ತರಕ್ಕೆ ನಿಲ್ಲಿಸಿ, ಸುತ್ತ ಕೋಳಿ, ಮೊಟ್ಟೆ, ತರಕಾರಿ ಜೋಡಿಸುತ್ತಿದ್ದವಳು ಕೈ ಒರೆಸಿಕೊಂಡು ಸಲಹೆ ಕೊಡಲು ಬಂದಳು. ಅನ್ನದ ಪೊಟ್ಟಣಕ್ಕೆ ಕಟ್ಟುವ ರಬ್ಬರು ಬಳೆಗಳು ಅವಳ ಮುಂಗೈಯಲ್ಲಿ ಯಾವಾಗಲೂ ಐವತ್ತು ಇರುತ್ತಿದ್ದವು. ಅವನ್ನೆಲ್ಲ ಜಡೆ ಹೆಣೆದರೆ ಬೆಲ್ಟು ಆಗುತ್ತದೆಂದೂ, ಇಷ್ಟಕ್ಕೆ ಮೂರು ಅರ್ಜಿ ಬರೆದ ಗಂಡಸನ್ನು ತಾನು ಇಲ್ಲೇ ನೋಡಿದ್ದೆಂದೂ ಹೇಳಿದಳು. ತುಂಪೆಂಗಿನ ಪಕ್ಕದ ಮೇಜಿನ ಮೇಲೆಯೇ ಪೆಟ್ಟಿಗೆ ಇಟ್ಟು ಜಡೆ ತೊಡಿಸಿದರು.

ವಗಿರಾನ್ ತಿರುಗಿಸಿದ. ಬಲ್ಬು ಮಿಣುಕಿತು. ಅವನ ಮುಖವೂ ಮಿಣುಕಿತು. ಇನ್ನೊಂದು ಸುತ್ತು ಜೋರಾಗಿ ತಿರುಗಿಸಿದ್ದೇ ತಡ, ಜಡೆ ಹರಿದು ಬಾಣದ ಹಾಗೆ ಹಾರಿ ತುಂಪೆಂಗಿನ ತುದಿಯನ್ನೇ ಹಾರಿಸಿತು.

ತುಂಪೆಂಗಿನ ತುದಿ ಎಂದರೆ ಸಾಮಾನ್ಯವೇ? ಅತಿಥಿ ಅದನ್ನು ಕತ್ತರಿಸಿ, ಸಭೆಯಲ್ಲಿ ಯಾರಿಗೆ ಗೌರವ ಸಲ್ಲಬೇಕೋ ಅವರ ಕೈಗೆ ಕೊಡಬೇಕು. ಮ್ಬೊಕ್ ಲಾಸ್ಮಿಯೇ, ಚೆಲ್ಲಿದ ಅನ್ನ ಬಳಿದುಕೊಂಡು, ಒದ್ದೆ ಕೈಯಲ್ಲಿ ಒತ್ತಿ ಒತ್ತಿ ಹೊಸ ತುದಿ ಕೂರಿಸಿದಳು. ರಬ್ಬರಿನ ಅರ್ಧ ನೆಲದ ಮೇಲೆ ಸಿಕ್ಕಿತು. ಉಳಿದರ್ಧ ಹುಡುಕಲು ಹೊತ್ತಿರಲಿಲ್ಲ.

ಆಗ ಕಾವಲಿನ ಪಾಕ್ ಸುಕರ್ಜಿ ತನ್ನ ಬುದ್ಧಿ ಹೊರತೆಗೆದ. ಹೆಂಗಸರ ಶೌಚಾಲಯದಿಂದ ದೊಡ್ಡ ಬಲ್ಬು ಬಿಚ್ಚಿ ತಂದು ಪೆಟ್ಟಿಗೆಗೆ ಹಾಕಿದ. ಪೆಟ್ಟಿಗೆಯನ್ನು ಅದರ ಜಾಗಕ್ಕೆ ವಾಪಸು ಇಟ್ಟು, ಅಲ್ಲಿನ ಹಲಗೆ ಗೋಡೆಯ ಹಿಂದಿನಿಂದ ಕರೆಂಟಿನ ವಯರು ಎಳೆದ. ವಗಿರಾನ್ ಗೋಡೆಯ ಹಿಂದೆ ಸ್ವಿಚ್ಚು ಹಿಡಿದು ಕೂರಬೇಕು. ಅತಿಥಿ ಹಿಡಿಕೆ ತಿರುಗಿಸಿದಾಗ ಸುಕರ್ಜಿ ಒಂದು ಸಲ ಕೆಮ್ಮುತ್ತಾನೆ, ಹಾಕಬೇಕು. ನಿಲ್ಲಿಸಿದಾಗ ಎರಡು ಸಲ ಕೆಮ್ಮುತ್ತಾನೆ, ಆರಿಸಬೇಕು.

“ಮೂವತ್ತು ವರ್ಷದಿಂದ ಲವಂಗದ ಸಿಗರೇಟು ಸೇದಿದೀನಿ. ನನ್ನ ಕೆಮ್ಮು ಕೇಳ್ದೆ ಇರೋ ಕಿವಿ ಈ ಊರಲ್ಲಿಲ್ಲ,” ಎಂದ.

ಪಾಕ್ ಪ್ರಿಯಾಂಬೊದೊ ಹನ್ನೊಂದೂವರೆಗೆ, ಅಂದರೆ ಸರಿಯಾದ ಸಮಯಕ್ಕೆ ಬಂದರು. ಸಣ್ಣಗೆ ತೋರಿಸುವ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು ವಿಜ್ಞಾನವನ್ನು ಮೆಚ್ಚಿಕೊಂಡರು. ಆಮೇಲೆ ಹಿಡಿಕೆಗೆ ಕೈ ಹಾಕಿದರು. ಸುಕರ್ಜಿ ಕೆಮ್ಮಿದ. ಬಲ್ಬು ಝಗ್ಗೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಲ್ಕು ಸುತ್ತು ತಿರುಗಿಸಿ ಪಾಕ್ ಪ್ರಿಯಾಂಬೊದೊ ಹಿಡಿಕೆ ಬಿಟ್ಟರು, ಬಿಟ್ಟವರೇ ಸಭೆಯತ್ತ ತಿರುಗಿ ಮಾತಾಡಲು ಶುರು ಮಾಡಿದರು.

ಸುಕರ್ಜಿ ಕೆಮ್ಮಬೇಕಿತ್ತು. ಆದರೆ ದೊಡ್ಡವರು ಮಾತಾಡುವಾಗ ಕೆಮ್ಮುವುದುಂಟೇ? ಕೆಮ್ಮು ಗಂಟಲಿಗೆ ಬಂತು, ಅವನು ನುಂಗಿದ. ಮತ್ತೆ ಬಂತು, ಮತ್ತೆ ನುಂಗಿದ. ಅವನ ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು. ಭಾಷಣ ಅವನ ಮನಸ್ಸಿಗೆ ತಟ್ಟಿದೆ ಎಂದು ಅತಿಥಿ ತಿಳಿದು ಇನ್ನಷ್ಟು ಲಂಬಿಸಿದರು. ಗೋಡೆಯ ಹಿಂದೆ ವಗಿರಾನ್ ಮೊಣಕಾಲು ಜೋಮು ಹಿಡಿದರೂ ಅಲ್ಲಾಡದೆ ಎರಡು ಕೆಮ್ಮಿಗಾಗಿ ಕಾಯುತ್ತಿದ್ದ.

ಇಪ್ಪತ್ತು ನಿಮಿಷವಾದ ಮೇಲೆ ಪಾಕ್ ಪ್ರಿಯಾಂಬೊದೊ ಹಿಂತಿರುಗಿ ನೋಡಿದರು. ಬಲ್ಬು ಉರಿಯುತ್ತಲೇ ಇತ್ತು.

“ಇದೇನಿದು? ನಾನು ಬಿಟ್ಟು ಎಷ್ಟು ಹೊತ್ತಾಯ್ತು?”

ಬು ಹಸ್ತುತಿ ಕೈಜೋಡಿಸಿದರು. “ಅದು ತಮ್ಮ ಕೈಗುಣ, ಪಾಕ್.”

ಸಭೆಯಲ್ಲಿದ್ದ ವಿಜ್ಞಾನದ ಮೇಷ್ಟ್ರುಗಳು ನಾಲ್ವರೂ ತಲೆಯಾಡಿಸಿದರು. ಒಬ್ಬರಂತೂ ಒಳ್ಳೆಯ ಕೈಯಿಂದ ತಿರುಗಿಸಿದರೆ ಶಕ್ತಿ ಒಳಗೆ ಉಳಿಯುವುದುಂಟು ಎಂದೂ ಸೇರಿಸಿದರು. ಪಾಕ್ ಪ್ರಿಯಾಂಬೊದೊ ತಮ್ಮ ಅಂಗೈಯನ್ನು ಹೊಸದಾಗಿ ನೋಡಿಕೊಂಡು, ಭವನಕ್ಕೆ ನೆರವು ಮುಂದುವರಿಯುತ್ತದೆ ಎಂದು ಘೋಷಿಸಿದರು. ಗೋಡೆಯ ಹಿಂದೆ ವಗಿರಾನನ ಕಣ್ಣು ಒದ್ದೆಯಾಯಿತು. ನೀಲಿ ಅಂಗಿ, ಸುಮಿರಾಳ ಮುಖ, ಎರಡೂ ಒಟ್ಟಿಗೆ ಕಣ್ಣೆದುರು ಬಂದವು. ಅವನಿಗೆ ನಿಜಕ್ಕೂ ಸಂತೋಷವಾಯಿತು.

ಬು ಹಸ್ತುತಿ ಮಾತಿಗೆ ತಪ್ಪಲಿಲ್ಲ. ಇದನ್ನೆಲ್ಲ ನೋಡಿಕೊಳ್ಳುವವನು ಹನ್ನೊಂದು ವರ್ಷದಿಂದ ಹಂಗಾಮಿಯಾಗಿದ್ದಾನೆ, ಅವನನ್ನು ಕಾಯಂ ಮಾಡಬೇಕು ಎಂದು ಬಿನ್ನವಿಸಿಕೊಂಡು ಕೂಗಿ ಕರೆದರು. ವಗಿರಾನ್ ಸ್ವಿಚ್ಚನ್ನು ಹಾಗೆಯೇ ಬಿಟ್ಟು, ತಲೆಗೆ ಜೇಡರ ಬಲೆ ಮೆತ್ತಿಕೊಂಡು, ಕುಂಟುತ್ತ ಬಂದು ನಿಂತ.

ಪಾಕ್ ಪ್ರಿಯಾಂಬೊದೊ ಅವನನ್ನೂ ಬಲ್ಬನ್ನೂ ನೋಡಿದರು.

“ಕೆಡೋ ಯಂತ್ರಕ್ಕೆ ಕಾಯಂ ಮನುಷ್ಯ ಬೇಕಪ್ಪಾ,” ಎಂದರು ಪ್ರೀತಿಯಿಂದ. “ಇದು ತನ್ನಷ್ಟಕ್ಕೆ ತಾನೇ ಉರೀತಿದೆ. ಇಲ್ಲಿ ನಿನಗೇನು ಕೆಲಸ?”

ವಗಿರಾನ್ ಬಾಯಿ ತೆರೆದ. ಗೋಡೆಯ ಹಿಂದಿನ ವಯರು, ಶೌಚಾಲಯದ ಬಲ್ಬು, ತುಂಡಾದ ಬೆಲ್ಟು, ಎಲ್ಲ ನಾಲಗೆಯ ತುದಿಗೆ ಬಂದವು. ಬು ಹಸ್ತುತಿ ಅವನನ್ನೇ ನೋಡುತ್ತಿದ್ದರು. ಸುಕರ್ಜಿ ಕೊನೆಗೂ ಎರಡು ಸಲ ಕೆಮ್ಮಿದ, ಆದರೆ ಆರಿಸಲು ಗೋಡೆಯ ಹಿಂದೆ ಯಾರೂ ಇರಲಿಲ್ಲ.

“ತಾವು ಹೇಳಿದ್ದು ಸರಿ, ಪಾಕ್,” ಎಂದ ವಗಿರಾನ್.

ಪಾಕ್ ಪ್ರಿಯಾಂಬೊದೊ ಇನ್ನೆರಡು ಅಪ್ಪಣೆ ಮಾಡಿದರು. ತಮ್ಮ ಕೈ ತಾಗಿದ ಪೆಟ್ಟಿಗೆಗೆ ಗಾಜಿನ ಮನೆ ಮಾಡಿಸಿ ‘ಮುಟ್ಟಬಾರದು’ ಎಂದು ಬರೆಸಬೇಕು. ಮುಂದಿನ ತಿಂಗಳು ತಾವು ಗಣ್ಯರನ್ನು ಕರೆತರುವವರೆಗೂ ಬಲ್ಬು ಹೀಗೆಯೇ ಉರಿಯುತ್ತಿರಬೇಕು, ಅದನ್ನು ಈ ಹಂಗಾಮಿಯೇ ಹಗಲಿಡೀ ಕಾಯಲಿ.

ಆಮೇಲೆ ತುಂಪೆಂಗಿನ ತುದಿ ಕತ್ತರಿಸಿದರು. ಹುದ್ದೆ ಕೊಡಲಾಗದಿದ್ದರೂ ಗೌರವ ಕೊಡಬಹುದಲ್ಲ! ಹನ್ನೊಂದು ವರ್ಷದ ಸೇವೆಗೆಂದು ಅದನ್ನು ಬಾಳೆಲೆಯಲ್ಲಿಟ್ಟು ವಗಿರಾನನಿಗೇ ಕೊಟ್ಟರು. ಮ್ಬೊಕ್ ಲಾಸ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಲ್ಲರೂ ನೋಡುತ್ತಿದ್ದರು, ಕ್ಯಾಮೆರಾದವನು ‘ನಗು’ ಅಂದ. ವಗಿರಾನ್ ನಗುತ್ತ ಒಂದು ತುತ್ತು ಬಾಯಿಗಿಟ್ಟು ಕಚ್ಚಿದ. ಹಲ್ಲಿಗೆ ಸಿಕ್ಕಿದ್ದು ಎಳೆದಷ್ಟೂ ಉದ್ದವಾಯಿತು.

ಮೂರು ಅರ್ಜಿ ಹಾಕಿದ ಮೇಲೆ ಸರ್ಕಾರದ ಕೈಯಿಂದ ಅವನಿಗೆ ಅಂತೂ ಅರ್ಧ ಬೆಲ್ಟು ಮಂಜೂರಾಗಿತ್ತು.