ಅತ್ತೆಗೆ ಕಲಿಸಿದ ಭದ್ರತಾ ಪಾಠ

ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ನಡೆದ ಒಂದು ದಿನದ ತರಬೇತಿಗೆ ಶಾಲೆಯಿಂದ ನನ್ನನ್ನು ಕಳುಹಿಸಿದ್ದರು. ಸಂಜೆ ವಾಮದಪದವಿನಲ್ಲಿ ಬಸ್ಸಿಳಿಯುವಾಗ ನಾನು ಬೆಳಗ್ಗೆ ಹೋದ ಸಮಾಜ ವಿಜ್ಞಾನದ ಮಾಸ್ಟ್ರಾಗಿ ಉಳಿದಿರಲಿಲ್ಲ. ಲೋಕದ ಕಳ್ಳರೆಲ್ಲ ಇನ್ನು ಬೇರೆ ಕಸುಬು ಹುಡುಕಿಕೊಳ್ಳಬೇಕು ಎಂಬಷ್ಟು ಧೈರ್ಯ ಬಂದಿತ್ತು!

ಇಂಥ ಜ್ಞಾನವನ್ನು ಕಂಪ್ಯೂಟರಿಗೆ ಮಾತ್ರ ಸೀಮಿತಗೊಳಿಸುವುದು ಸಣ್ಣತನವಲ್ಲವೇ? ಮನೆಗೇ ಅಳವಡಿಸಿದೆ. ಒಂದು ರಕ್ಷಣೆ ಸಾಲದು ಎಂದು ತರಬೇತಿಯಲ್ಲಿ ಹೇಳಿದ್ದರು; ಮುಂಬಾಗಿಲಿಗೆ ಬೆರಳಚ್ಚಿನ ಬೀಗ ತಂದೆ, ಹಿಂಬಾಗಿಲಿಗೆ ಒಳಗಿನಿಂದ ಎರಡೆರಡು ಚಿಲಕ ಜಡಿದೆ. ಯಾರಿಗೂ ಅಗತ್ಯಕ್ಕಿಂತ ಹೆಚ್ಚು ಅಧಿಕಾರ ಕೊಡಬಾರದು ಎಂದಿದ್ದರು. ನಮ್ಮ ಜೊತೆಗಿರುವ ಅತ್ತೆಗೆ ಟಿವಿ ರಿಮೋಟ್ ಮಾತ್ರ ಕೊಟ್ಟೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರನ್ನೂ ನಂಬಬಾರದು. ಮುಖ, ಧ್ವನಿ ಎಲ್ಲವನ್ನೂ ನಕಲು ಮಾಡುವ ಮೋಸಗಾರರ ವಿಡಿಯೋವನ್ನು ಅತ್ತೆಗೆ ತೋರಿಸಿದೆ.

"ಒಟಿಪಿ ಯಾರಿಗೂ ಹೇಳಬಾರದು ಅತ್ತೆ. ನಾನೇ ಕೇಳಿದರೂ!"

ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಅಷ್ಟು ಒಳ್ಳೆಯ ವಿದ್ಯಾರ್ಥಿ ನನಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ.

ಆ ಭಾನುವಾರ ನನ್ನ ಹೆಂಡತಿ ಸುಜಾತಾ ಮೂಡುಬಿದಿರೆಯ ಮಹಿಳಾ ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ವಾದಿಸುವ ಯಕ್ಷಗಾನದಲ್ಲಿ, ಮೊದಲ ಬಾರಿ ಅರ್ಥ ಹೇಳುವವಳಿದ್ದಳು. ಬೇಸಿಗೆಯಿಡೀ ಒಲೆಯ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಮುಂದೆ ವಾದ ಮಾಡಿ ಅಭ್ಯಾಸ ಮಾಡಿದ್ದಳು. ಮಧ್ಯಾಹ್ನದ ಬಸ್ಸು ತಪ್ಪಿದರೆ ಎಲ್ಲವೂ ನೀರುಪಾಲು. ಅವಳಿಗೆ ನೆರವಾಗಲೆಂದು ನಾನು ಅಂಗಳದಲ್ಲಿ ಹಲಸಿನ ಹಣ್ಣು ಕೊಯ್ದು ತೊಳೆ ಬಿಡಿಸುವ ಮಹತ್ಕಾರ್ಯಕ್ಕೆ ಇಳಿದೆ.

"ಕೈಗೆ ತೆಂಗಿನೆಣ್ಣೆ ಹಚ್ಚಿದ್ದೀರಾ?" ಒಳಗಿನಿಂದ ಕೇಳಿದಳು.

"ಅದೆಲ್ಲ ಬೇಡ ಮಾರಾಯ್ತಿ, ಐದು ನಿಮಿಷದ ಕೆಲಸ!"

ಐದು ನಿಮಿಷದಲ್ಲಿ ನಾನು, ಕತ್ತಿ, ಹಣ್ಣು ಮೂವರೂ ಒಂದಾಗಿದ್ದೆವು. ನನ್ನನ್ನು ಬಿಡಿಸಲು ನೈಟಿಯಲ್ಲೇ ಓಡಿಬಂದ ಸುಜಾತಾಳ ಕೈಗೂ ಹಲಸಿನ ಅಂಟುಮೇಣ ಮೆತ್ತಿತು. ಅಷ್ಟರಲ್ಲಿ ಗಾಳಿ ಬೀಸಿತು. ಬಾಗಿಲು ಧಡ್! ಬೀಗ ಟಕ್!

ಬೆರಳು ಒತ್ತಿದೆ. ಮೇಣ ಹಿಡಿದ ಬೆರಳು ಯಾರದೆಂದು ಬೀಗಕ್ಕೆ ತಿಳಿಯಲಿಲ್ಲ. ಸುಜಾತಾಳ ಬೆರಳೂ ನಡೆಯಲಿಲ್ಲ. ಉಜ್ಜಿ ತೆಗೆಯೋಣವೆಂದರೆ ಎಣ್ಣೆ ಇದ್ದದ್ದು ಅಡುಗೆಮನೆಯಲ್ಲಿ. ಕೊನೆಗೆ ಬೀಗ ಒಟಿಪಿ ಕೇಳಿತು. ವಿಶ್ವಾಸದಿಂದ ಜೇಬು ಮುಟ್ಟಿದೆ. ಮನೆಯೊಳಗೆ ನನ್ನ ಮೊಬೈಲು 'ಟಿಣ್' ಎಂದಿತು!

"ಅತ್ತೆ, ಬಾಗಿಲು ತೆಗೆಯಿರಿ!" ಎಂದು ಕೂಗಿದೆ. ಒಳಗಿನಿಂದ ಹಿಡಿ ತಿರುಗಿಸಿದರೆ ಸಾಕಿತ್ತು.

ಅತ್ತೆ ಕಿಟಕಿಯಲ್ಲಿ ಕಾಣಿಸಿಕೊಂಡರು. "ಯಾರು?"

"ನಾನು, ನಿಮ್ಮ ಅಳಿಯ! ಮುಖ ಕಾಣುವುದಿಲ್ವಾ?"

"ಮುಖ ಈಗ ಯಾರು ಬೇಕಾದ್ರೂ ಮಾಡ್ತಾರೆ. ವಿಡಿಯೋದಲ್ಲಿ ನೋಡಿದ್ದೇನೆ."

"ಹಾಗಾದ್ರೆ ಮೊಬೈಲಿಗೆ ಬಂದ ನಂಬರಾದ್ರೂ ಓದಿ!"

"ಒಟಿಪಿಯಾ? ಅಳಿಯ ಕೇಳಿದ್ರೂ ಹೇಳಬಾರದು ಅಂತ ಅಳಿಯನೇ ಹೇಳಿದ್ದಾರೆ."

ಸುಜಾತಾ ನನ್ನನ್ನು ಪಕ್ಕಕ್ಕೆ ತಳ್ಳಿದಳು. "ಅಮ್ಮಾ, ನಾನು! ಬಸ್ಸಿಗೆ ಹೊತ್ತಾಯ್ತು!"

ಅತ್ತೆ ಅವಳ ಕೈಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿದರು. "ನನ್ನ ಮಗಳು ಎಣ್ಣೆ ಹಚ್ಚದೆ ಹಲಸು ಮುಟ್ಟುವವಳೇ ಅಲ್ಲ. ಹೋಗಿ, ಹೋಗಿ!"

ಕಿಟಕಿ ಮುಚ್ಚಿತು. ಸ್ವಲ್ಪ ಹೊತ್ತಿನಲ್ಲಿ ಬಸ್ಸು ಹೋದ ಸದ್ದೂ ಕೇಳಿತು. ಸುಜಾತಾಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವ ಹಾಗೂ ಇಲ್ಲ, ಕೈತುಂಬ ಮೇಣ.

ಆಗ ಚಾಪೆ ಮಾರುವವನೊಬ್ಬ ಪಿಕಪ್ ನಿಲ್ಲಿಸಿ ಅಂಗಳಕ್ಕೆ ಬಂದ. ಗುರುತಿಲ್ಲ, ಪರಿಚಯವಿಲ್ಲ. ಬಾಗಿಲ ಮುಂದೆ ನಿಂತು, "ಅಮ್ಮಾ, ತುಂಬಾ ಸೆಕೆ. ಸ್ವಲ್ಪ ಕುಡಿಯುವ ನೀರು ಉಂಟಾ?" ಎಂದ.

ಬಾಗಿಲು ತೆರೆಯಿತು!

"ಪಾಪ, ಬಿಸಿಲಲ್ಲಿ ನಿಲ್ಲಬೇಡ ಮಗಾ, ಒಳಗೆ ಬಾ" ಎನ್ನುತ್ತಾ ಅತ್ತೆ ಮನೆಗೆ ಬಂದ ನೆಂಟರಿಗೆ ಕೊಡುವಂತೆ ಬೆಲ್ಲ, ನೀರು ತರಲು ಓಡಿದರು. ಬೆರಳಚ್ಚಿಲ್ಲ, ಒಟಿಪಿಯಿಲ್ಲ. ಹತ್ತು ರಕ್ಷಣೆಗಳಿದ್ದರೂ ಆ ಒಂದು ಮಾತಿಗೆ ಬಿದ್ದುಹೋಗುತ್ತಿದ್ದವು.

ಸುಜಾತಾ ಒಳಗೆ ನುಗ್ಗಿ, ಎಣ್ಣೆಯಲ್ಲಿ ಕೈ ಉಜ್ಜಿ, ಸೀರೆ ಉಟ್ಟು, ಅಮ್ಮನನ್ನೂ ಹತ್ತಿಸಿಕೊಂಡು ಅದೇ ಪಿಕಪ್‌ನಲ್ಲಿ ಮೂಡುಬಿದಿರೆಗೆ ಹೊರಟಳು. ಸಮಯಕ್ಕೆ ಸರಿಯಾಗಿ ತಲುಪಿದಳಂತೆ. ಅಂದು ಅವಳ ವಾದದ ಎದುರು ಯಾರೂ ನಿಲ್ಲಲಿಲ್ಲವಂತೆ. ಸಿಟ್ಟು ಎಲ್ಲಿಯದೆಂದು ಸಭೆಗೆ ಗೊತ್ತಿರಲಿಲ್ಲ.

ಮನೆಗೆ ಬಂದವಳೇ ಬೀಗದಿಂದ ನನ್ನ ಬೆರಳಚ್ಚನ್ನು ಅಳಿಸಿ, ಒಟಿಪಿಯೂ ತನ್ನ ಮೊಬೈಲಿಗೇ ಬರುವಂತೆ ಮಾಡಿದಳು. "ಅಗತ್ಯಕ್ಕಿಂತ ಹೆಚ್ಚು ಅಧಿಕಾರ ಯಾರಿಗೂ ಬೇಡ ಅಂತ ನೀವೇ ಹೇಳಿದ್ದಲ್ವಾ?"

ಈಗ ಶಾಲೆ ಬಿಟ್ಟು ಬಂದವನು ನನ್ನದೇ ಬಾಗಿಲ ಮುಂದೆ ನಿಂತು, "ಅಮ್ಮಾ, ತುಂಬಾ ಸೆಕೆ. ಸ್ವಲ್ಪ ಕುಡಿಯುವ ನೀರು ಉಂಟಾ?" ಎನ್ನುತ್ತೇನೆ. ಅತ್ತೆ ಬಾಗಿಲು ತೆರೆಯುತ್ತಾರೆ. ನೀರೂ ಕೊಡುತ್ತಾರೆ.

ಬೆಲ್ಲ ಮಾತ್ರ ಇನ್ನೂ ಕೊಟ್ಟಿಲ್ಲ.